ಗೆಸ್ಟಾಲ್ಟ್ ಚಿಕಿತ್ಸೆಯ ಮೂಲಪಾಠಗಳನ್ನು ಸ್ವಂತ ಬೆಳವಣಿಗೆಗಾಗಿ ಕಲಿಯುವುದು ಹೇಗೆ?

ಪ್ರಶ್ನೆ: ಶಿಕ್ಷಕಿ, ಪೊನ್ನಂಪೇಟೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ಮೈಸೂರಿನಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ಮಕ್ಕಳ ಭಾವನೆಗಳ ಕುರಿತು ಹೇಳುತ್ತ ಗೆಸ್ಟಾಲ್ಟ್ ಚಿಕಿತ್ಸೆ ಎಂಬ ಮನೋಚಿಕಿತ್ಸಾ ವಿಧಾನದ ಪ್ರಸ್ತಾಪ ಮಾಡಿದರು. ಅವರು ಹೇಳಿದ ಒಂದು ಮಾತು ಇಂದಿಗೂ ನನ್ನ ತಲೆಯಲ್ಲಿ ಉಳಿದಿದೆ. ಮನುಷ್ಯನು ತಾನು ಹೀಗಾಗಬೇಕು, ಹಾಗಾಗಬೇಕು ಎಂದು ತನ್ನ ಮೇಲೆಯೇ ಬಲಪ್ರಯೋಗ ಮಾಡುವುದನ್ನು ನಿಲ್ಲಿಸಿ, ಈಗ ಹೇಗಿದ್ದಾನೋ ಅದನ್ನು ಪೂರ್ತಿಯಾಗಿ ಗಮನಿಸಿದಾಗಲೇ ಬದಲಾವಣೆಗೆ ದಾರಿಯಾಗುತ್ತದೆ ಎಂದರು. ತರಬೇತಿಯಲ್ಲಿ ಅದಕ್ಕಿಂತ ಹೆಚ್ಚು ಸಮಯ ಸಿಗಲಿಲ್ಲ.

ನನಗೆ ಕಾಯಿಲೆ ಎನ್ನುವಂಥದ್ದೇನೂ ಇಲ್ಲ. ನಿದ್ರೆ ಬರುತ್ತದೆ, ಕೆಲಸ ಸಾಗುತ್ತದೆ. ಆದರೆ ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಯಾರು ಏನು ಹೇಳಿದರೂ ಮೊದಲು "ಆಗಲಿ" ಎಂದುಬಿಡುತ್ತೇನೆ. ಆಮೇಲೆ ಇಡೀ ಸಂಜೆ ಮನಸ್ಸಿನಲ್ಲೇ ಜಗಳವಾಡುತ್ತೇನೆ. ತಂದೆ ತೀರಿಕೊಂಡ ಮೇಲೆ ತೋಟದ ವಿಚಾರಗಳನ್ನೆಲ್ಲ ಅಣ್ಣನೇ ನಿರ್ಧರಿಸುತ್ತಾನೆ. ನಾನು ಹೇಳಬೇಕೆಂದುಕೊಂಡ ಎಷ್ಟೋ ಮಾತುಗಳು ಹೇಳದೆಯೇ ಉಳಿದಿವೆ. ಈ ವಿಧಾನದ ಮೂಲಪಾಠಗಳನ್ನು ಕಲಿತರೆ ಇದರಿಂದ ಹೊರಬರಲು ಸಾಧ್ಯವೇ ಎಂಬುದು ನನ್ನ ಆಸೆ.

ಬಲ್ಲವರು ದಯವಿಟ್ಟು ತಿಳಿಸಿ: ಇದರ ಮೂಲ ವಿಚಾರಗಳು ಯಾವುವು? ಚಿಕಿತ್ಸಕರಿಲ್ಲದೆ ಒಬ್ಬರೇ ಇದನ್ನು ಎಷ್ಟು ದೂರದವರೆಗೆ ಅಭ್ಯಾಸ ಮಾಡಬಹುದು? ಇದು ಧ್ಯಾನಕ್ಕಿಂತ ಬೇರೆಯೇ? ಹಿರಿಯರಿಗೆ ಎದುರು ಮಾತನಾಡದೆ ಬೆಳೆದ ನಮ್ಮಂಥವರ ಮನೆಗಳಿಗೆ ಇದು ಒಗ್ಗುತ್ತದೆಯೇ? ಈ ಕೊನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯ.

ಉತ್ತರ: ಆಪ್ತಸಮಾಲೋಚಕಿ, ಮಡಿಕೇರಿ

ಮೇಡಂ, ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಈ ವಿಧಾನದ ಇತಿಹಾಸದಲ್ಲೇ ಉತ್ತರವಿದೆ. ಗೆಸ್ಟಾಲ್ಟ್ ಚಿಕಿತ್ಸೆಯ ಮೂಲಗ್ರಂಥ ಪ್ರಕಟವಾದದ್ದು 1951ರಲ್ಲಿ, ನ್ಯೂಯಾರ್ಕಿನಲ್ಲಿ. ಫ್ರಿಟ್ಜ್ ಪರ್ಲ್ಸ್, ರಾಲ್ಫ್ ಹೆಫರ್ಲೈನ್ ಮತ್ತು ಪಾಲ್ ಗುಡ್‌ಮನ್ ಎಂಬ ಮೂವರ ಹೆಸರು ಅದರ ಮೇಲಿದೆ. ಆ ಪುಸ್ತಕದ ಒಂದು ಭಾಗ ಸಿದ್ಧಾಂತ. ಇನ್ನೊಂದು ಭಾಗವಿಡೀ ಓದುಗನು ತನ್ನ ಮೇಲೆ ತಾನೇ ಮಾಡಿಕೊಳ್ಳಬಹುದಾದ ಪ್ರಯೋಗಗಳು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಹೆಫರ್ಲೈನ್ ತಮ್ಮ ವಿದ್ಯಾರ್ಥಿಗಳಿಂದ ಈ ಪ್ರಯೋಗಗಳನ್ನು ಮಾಡಿಸಿ, ಅವರು ಬರೆದುಕೊಟ್ಟ ಅನುಭವಗಳನ್ನೂ ಅದರಲ್ಲಿ ಸೇರಿಸಿದರು. ಕೆಲವರು ಮೆಚ್ಚಿಕೊಂಡರು, ಕೆಲವರು ಬೇಸರಪಟ್ಟರು, ಕೆಲವರಿಗೆ ಸಿಟ್ಟೇ ಬಂತು. ಎಲ್ಲವೂ ಅಲ್ಲಿ ದಾಖಲಾಗಿದೆ. ಕಾಯಿಲೆಯಿಲ್ಲದ ಸಾಮಾನ್ಯ ಮನುಷ್ಯನು ತನ್ನನ್ನು ಅರಿಯಲು ಮಾಡುವ ಅಭ್ಯಾಸವು ಈ ವಿಧಾನಕ್ಕೆ ನಂತರ ಅಂಟಿಸಿದ್ದಲ್ಲ, ಹುಟ್ಟಿನಿಂದಲೇ ಇದ್ದದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಫ್ರಿಟ್ಜ್ ಪರ್ಲ್ಸ್ 1893ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ ವೈದ್ಯ. ಮೊದಲು ಫ್ರಾಯ್ಡ್ ಪರಂಪರೆಯ ಮನೋವಿಶ್ಲೇಷಕನಾಗಿ ತರಬೇತಿ ಪಡೆದವರು. 1926ರಲ್ಲಿ ಫ್ರಾಂಕ್‌ಫರ್ಟಿನಲ್ಲಿ, ಯುದ್ಧದಲ್ಲಿ ಮಿದುಳಿಗೆ ಪೆಟ್ಟಾದ ಸೈನಿಕರ ಚಿಕಿತ್ಸೆ ಮಾಡುತ್ತಿದ್ದ ಕರ್ಟ್ ಗೋಲ್ಡ್‌ಸ್ಟೀನ್ ಅವರ ಬಳಿ ಸಹಾಯಕರಾಗಿದ್ದರು. ಒಂದು ಅಂಗಕ್ಕೆ ಪೆಟ್ಟಾದರೆ ಇಡೀ ಜೀವವೇ ತನ್ನನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತದೆ ಎಂಬ ಗೋಲ್ಡ್‌ಸ್ಟೀನ್ ಅವರ ನೋಟ ಪರ್ಲ್ಸ್ ಅವರೊಳಗೆ ಇಳಿದದ್ದು ಅಲ್ಲಿಯೇ. ಪತ್ನಿ ಲಾರಾ ಪರ್ಲ್ಸ್, ನಾವು ವಸ್ತುಗಳನ್ನು ಬಿಡಿಬಿಡಿಯಾಗಿ ಅಲ್ಲ, ಇಡಿಯಾದ ಆಕೃತಿಗಳಾಗಿ ಕಾಣುತ್ತೇವೆ ಎನ್ನುವ ಗೆಸ್ಟಾಲ್ಟ್ ಮನೋವಿಜ್ಞಾನವನ್ನು ಕ್ರಮವಾಗಿ ಓದಿದವರು. ಲಾರಾ ಇಲ್ಲದಿದ್ದರೆ ಈ ಚಿಕಿತ್ಸೆ ಇರುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಆದರೆ ಹೆಸರು ಮಾತ್ರ ಫ್ರಿಟ್ಜ್ ಅವರದ್ದೇ ಹೆಚ್ಚು ಕೇಳಿಬರುತ್ತದೆ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ದಂಪತಿ ಜರ್ಮನಿ ಬಿಟ್ಟು ನೆದರ್‌ಲೆಂಡ್ಸ್‌ಗೆ, ಅಲ್ಲಿಂದ ದಕ್ಷಿಣ ಆಫ್ರಿಕಾಕ್ಕೆ, ಯುದ್ಧ ಮುಗಿದ ಬಳಿಕ ಅಮೆರಿಕಕ್ಕೆ ಹೋದರು.

ಮೂಲ ವಿಚಾರಗಳಿಗೆ ಬರೋಣ. ಮೊದಲನೆಯದು ಆಕೃತಿ ಮತ್ತು ಹಿನ್ನೆಲೆ. ಡೆನ್ಮಾರ್ಕಿನ ಎಡ್ಗರ್ ರೂಬಿನ್ 1915ರಲ್ಲಿ ತೋರಿಸಿದ ಚಿತ್ರವನ್ನು ನೀವು ನೋಡಿರಬಹುದು: ಒಮ್ಮೆ ಹೂದಾನಿ ಕಾಣುತ್ತದೆ, ಇನ್ನೊಮ್ಮೆ ಎದುರುಬದುರಾದ ಎರಡು ಮುಖಗಳು ಕಾಣುತ್ತವೆ, ಎರಡೂ ಏಕಕಾಲಕ್ಕೆ ಕಾಣುವುದಿಲ್ಲ. ಪರ್ಲ್ಸ್ ದಂಪತಿ ಇದೇ ನಿಯಮವನ್ನು ಕಣ್ಣಿನ ನೋಟದಿಂದ ಬದುಕಿಗೆ ವಿಸ್ತರಿಸಿದರು. ಈ ಹೊತ್ತು ನಮಗೆ ಯಾವುದು ಅಗತ್ಯವೋ ಅದು ಮನಸ್ಸಿನ ಮುನ್ನೆಲೆಗೆ ಬರುತ್ತದೆ. ಅಗತ್ಯ ತೀರಿದ ಮೇಲೆ ಹಿನ್ನೆಲೆಗೆ ಸರಿದು ಮುಂದಿನದಕ್ಕೆ ಜಾಗ ಬಿಡುತ್ತದೆ. ಬಾಯಾರಿದವನಿಗೆ ಕೋಣೆಯಲ್ಲಿ ಮೊದಲು ಕಾಣುವುದು ನೀರಿನ ಚೊಂಬು. ಕುಡಿದಾದ ಮೇಲೆ ಅದೇ ಚೊಂಬು ಅಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಆದರೆ ತೀರದ ಅಗತ್ಯ, ಆಡದ ಮಾತು, ಅಳದ ಅಳು ಹಿನ್ನೆಲೆಗೆ ಸರಿಯಲು ಒಪ್ಪದೆ ಮತ್ತೆ ಮತ್ತೆ ಮುಂದೆ ಬಂದು ನಿಲ್ಲುತ್ತದೆ. ಸಂಜೆಯಿಡೀ ಮನಸ್ಸಿನೊಳಗೆ ನಡೆಯುವ ನಿಮ್ಮ ಜಗಳ ಇಂಥದ್ದೇ. ಅದು ನಿಮ್ಮ ದೌರ್ಬಲ್ಯವಲ್ಲ. ಮುಗಿಯದೆ ಉಳಿದದ್ದು ಮುಗಿಯಲು ಹವಣಿಸುತ್ತಿದೆ, ಅಷ್ಟೆ.

ಎರಡನೆಯದು ಅರಿವು. ಇದನ್ನು ಪರ್ಲ್ಸ್ ಮೂರು ವಲಯಗಳಾಗಿ ನೋಡಿದರು. ಹೊರಗಿನದನ್ನು ಇಂದ್ರಿಯಗಳಿಂದ ಅರಿಯುವುದು ಒಂದು. ಮೈಯೊಳಗಿನ ಬಿಗಿತ, ಬಿಸಿ, ಉಸಿರು, ಹೊಟ್ಟೆಯ ಸಂಕಟ ಮುಂತಾದವನ್ನು ಅರಿಯುವುದು ಇನ್ನೊಂದು. ಇವೆರಡರ ನಡುವೆ ಊಹೆ, ಲೆಕ್ಕಾಚಾರ, ನೆನಪು, ಮುಂದಿನ ಚಿಂತೆಗಳ ವಲಯವಿದೆ. ನಮ್ಮ ಬಹುಪಾಲು ಸಮಯ ಅಲ್ಲಿಯೇ ಕಳೆಯುತ್ತದೆ. ಅಭ್ಯಾಸ ಬಹಳ ಸರಳ. ಒಂದೆಡೆ ಕುಳಿತು, "ಈಗ ನನಗೆ ಅರಿವಾಗುತ್ತಿರುವುದು..." ಎಂದು ವಾಕ್ಯ ಆರಂಭಿಸಿ, ಆ ಕ್ಷಣ ಬಂದದ್ದನ್ನು ಸೇರಿಸಿ ಮುಗಿಸುವುದು, ಮತ್ತೆ ಅದೇ ರೀತಿ ಆರಂಭಿಸುವುದು. "ಈಗ ನನಗೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದಿನ ಅರಿವಾಗುತ್ತಿದೆ. ಈಗ ದವಡೆ ಬಿಗಿಯಾಗಿರುವುದು ಅರಿವಾಗುತ್ತಿದೆ. ಈಗ, ಅಣ್ಣನಿಗೆ ನಾಳೆ ಏನು ಹೇಳಲಿ ಎಂದು ಲೆಕ್ಕ ಹಾಕುತ್ತಿರುವುದು ಅರಿವಾಗುತ್ತಿದೆ." ಮೂರನೆಯ ವಾಕ್ಯ ಊಹೆಯ ವಲಯಕ್ಕೆ ಸೇರಿದ್ದು. ಅದನ್ನು ತಡೆಯಬೇಕಿಲ್ಲ, ಅದು ಯಾವ ವಲಯದ್ದು ಎಂದು ಗುರುತಿಸಿದರೆ ಸಾಕು. ದಿನಕ್ಕೆ ಸ್ವಲ್ಪ ಹೊತ್ತು ಇದನ್ನು ಮಾಡುತ್ತಾ ಬಂದವರು, ತಾವು ಯಾವ ವಲಯವನ್ನು ಸದಾ ತಪ್ಪಿಸಿಕೊಳ್ಳುತ್ತೇವೆ ಎಂಬುದನ್ನು ತಾವೇ ಕಂಡುಕೊಳ್ಳುತ್ತಾರೆ.

ಇದರ ಜೊತೆಗೆ "ಏಕೆ" ಎಂಬ ಪ್ರಶ್ನೆಯನ್ನು ಸ್ವಲ್ಪ ಕಾಲ ಪಕ್ಕಕ್ಕಿಡಿ. ನಾನೇಕೆ "ಆಗಲಿ" ಎನ್ನುತ್ತೇನೆ ಎಂದು ಕೇಳಿಕೊಂಡರೆ ಬಾಲ್ಯ, ಸಂಸ್ಕಾರ, ಸ್ವಭಾವ ಎಂದು ಕಾರಣಗಳ ಪಟ್ಟಿಯೇ ಸಿಗುತ್ತದೆ, ಆದರೆ ನಾಳೆಯೂ "ಆಗಲಿ" ಎಂದೇ ಹೇಳುತ್ತೇವೆ. ಹೇಗೆ ಹೇಳುತ್ತೇನೆ ಎಂದು ನೋಡಿ. ಹೇಳುವ ಮುನ್ನ ಉಸಿರು ಹಿಡಿಯುತ್ತೀರಾ? ನಗುತ್ತೀರಾ? ನೆಲ ನೋಡುತ್ತೀರಾ? ಎದುರಿನವರ ಮಾತು ಮುಗಿಯುವ ಮೊದಲೇ ತಲೆ ಆಡಿಸಿರುತ್ತೀರಾ?

ಮೂರನೆಯದು ಸಂಪರ್ಕ, ಅಂದರೆ ಎದುರಿನವರೊಂದಿಗೆ ಮತ್ತು ಸುತ್ತಲಿನದರೊಂದಿಗೆ ನಿಜವಾಗಿ ಒಡನಾಡುವುದು, ಮತ್ತು ಅದನ್ನು ನಾವು ತಪ್ಪಿಸಿಕೊಳ್ಳುವ ಬಗೆಗಳು. ನಿಮ್ಮ ಬರಹ ಓದಿದಾಗ ನನಗೆ ಎರಡು ಬಗೆಗಳು ನೆನಪಾದವು. ಇಂಟ್ರೊಜೆಕ್ಷನ್ ಎಂದರೆ ಇತರರ ನಿಯಮವನ್ನು ಅಗಿಯದೆ ನುಂಗುವುದು. ಶಿಶು ಹಾಲು ಬಿಟ್ಟು, ಹಲ್ಲು ಬಂದು, ಅಗಿದು ತಿನ್ನಲು ಕಲಿಯುವ ಹಂತದ ಬಗ್ಗೆ ಪರ್ಲ್ಸ್ ದಂಪತಿ ಬಹಳ ಯೋಚಿಸಿದ್ದರು. 1942ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪ್ರಕಟವಾದ ಫ್ರಿಟ್ಜ್ ಅವರ ಮೊದಲ ಪುಸ್ತಕದ ತಿರುಳೇ ಅದು. ಅಗಿದರೆ ಆಹಾರ ನಮ್ಮ ಮೈಯಾಗುತ್ತದೆ, ಇಡಿಯಾಗಿ ನುಂಗಿದ್ದು ಹೊಟ್ಟೆಯಲ್ಲಿ ಹಾಗೆಯೇ ಕೂರುತ್ತದೆ. "ಹೆಣ್ಣುಮಕ್ಕಳು ತೋಟದ ಲೆಕ್ಕ ಕೇಳಬಾರದು" ಎಂಬ ನಿಯಮವನ್ನು ನೀವು ಅಗಿದು ಒಪ್ಪಿದ್ದೀರೋ ಅಥವಾ ನುಂಗಿದ್ದೀರೋ ಎಂದು ನೋಡಿಕೊಳ್ಳಬಹುದು. ಅಗಿದ ಮೇಲೂ ಒಪ್ಪಿಗೆಯಾದರೆ ಇಟ್ಟುಕೊಳ್ಳಿ. ಎಲ್ಲವನ್ನೂ ಉಗುಳಬೇಕು ಎಂದು ಈ ವಿಧಾನ ಹೇಳುವುದಿಲ್ಲ.

ಇನ್ನೊಂದು ರೆಟ್ರೊಫ್ಲೆಕ್ಷನ್, ಅಂದರೆ ಹೊರಗೆ ಹೋಗಬೇಕಾದ ಕ್ರಿಯೆಯನ್ನು ತನ್ನ ಮೇಲೆಯೇ ತಿರುಗಿಸಿಕೊಳ್ಳುವುದು. ಇನ್ನೊಬ್ಬರಿಗೆ ಹೇಳಬೇಕಾದ ಕಟು ಮಾತನ್ನು ತನಗೇ ಹೇಳಿಕೊಳ್ಳುವುದು, ಹಲ್ಲು ಕಚ್ಚುವುದು, ಉಗುರು ಕಡಿಯುವುದು, ಎಲ್ಲವೂ ಇದರಲ್ಲಿ ಬರುತ್ತವೆ.

ತರಬೇತಿಯಲ್ಲಿ ನೀವು ಕೇಳಿದ ಆ ಮಾತು ಅರ್ನಾಲ್ಡ್ ಬೈಸರ್ ಎಂಬ ಮನೋವೈದ್ಯರದ್ದು. ಅದನ್ನು ಅವರು 1970ರಲ್ಲಿ ಬದಲಾವಣೆಯ ವಿರೋಧಾಭಾಸದ ಸಿದ್ಧಾಂತ ಎಂಬ ಹೆಸರಿನಲ್ಲಿ ಬರೆದರು. ಅವರು ಯೌವನದಲ್ಲಿ ಒಳ್ಳೆಯ ಟೆನ್ನಿಸ್ ಆಟಗಾರರಾಗಿದ್ದು, ಪೋಲಿಯೊ ತಗುಲಿ ಬದುಕಿನುದ್ದಕ್ಕೂ ಗಾಲಿಕುರ್ಚಿಯಲ್ಲಿ ಉಳಿದವರು. ಆಗದ್ದನ್ನು ಆಗಬೇಕೆಂದು ಹೆಣಗುವುದಕ್ಕೂ ಇರುವುದರಲ್ಲಿ ಪೂರ್ತಿ ನೆಲೆಸುವುದಕ್ಕೂ ಇರುವ ಅಂತರವನ್ನು ಅವರು ಪುಸ್ತಕದಿಂದ ಕಲಿತದ್ದಲ್ಲ ಎಂಬ ಕಾರಣಕ್ಕೆ ಆ ಕೆಲವೇ ಪುಟಗಳ ಬರಹದ ಮೇಲೆ ನನಗೆ ವಿಶೇಷ ಗೌರವವಿದೆ.

ಉತ್ತರ: ಓದುಗ, ಕುಶಾಲನಗರ

ಧ್ಯಾನದ ಕುರಿತ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನಾನು ಹಲವು ವರ್ಷಗಳಿಂದ ಉಸಿರಿನ ಮೇಲೆ ಗಮನವಿಡುವ ಧ್ಯಾನ ಮಾಡುತ್ತಿದ್ದೇನೆ. ಎರಡಕ್ಕೂ ನಂಟಿದೆ, ಪರ್ಲ್ಸ್ ಸ್ವತಃ 1960ರ ದಶಕದ ಆರಂಭದಲ್ಲಿ ಜಪಾನಿನ ಕ್ಯೋಟೋದಲ್ಲಿ ಝೆನ್ ಎಂಬ ಬೌದ್ಧ ಧ್ಯಾನದ ಅಭ್ಯಾಸಕ್ಕೆ ಕುಳಿತಿದ್ದರು. ಆದರೆ ಧ್ಯಾನದಲ್ಲಿ ಸಿಟ್ಟು ಬಂದರೆ ಬರುವುದನ್ನೂ ಹೋಗುವುದನ್ನೂ ನೋಡುತ್ತ ಕೂರುತ್ತೇನೆ. ಗೆಸ್ಟಾಲ್ಟ್‌ನಲ್ಲಿ ಆ ಸಿಟ್ಟು ಯಾರ ಕಡೆಗೆ ಹೊರಟಿದೆ, ಅವರೊಂದಿಗೆ ಅದು ಏನನ್ನು ಬಯಸುತ್ತಿದೆ ಎಂದು ಕೇಳಲಾಗುತ್ತದೆ. ಅಲ್ಲಿ ಎದುರಿಗೆ ಇನ್ನೊಬ್ಬ ಮನುಷ್ಯನಿದ್ದಾನೆ. ಈ ಒಂದು ವ್ಯತ್ಯಾಸವೇ ದೊಡ್ಡದು. ಮೌನವಾಗಿ ಕೂರುವುದರಲ್ಲಿ ನುರಿತವರು ಸಂಬಂಧಗಳಲ್ಲೂ ಮೌನವಾಗಿಯೇ ಉಳಿದುಬಿಡುವ ಅಪಾಯವಿರುವುದರಿಂದ, ಧ್ಯಾನ ಮಾಡುವವರಿಗೂ ಇದು ಉಪಯುಕ್ತ ಎಂದು ನನಗನ್ನಿಸುತ್ತದೆ.

ಉತ್ತರ: ಕಾಫಿ ಬೆಳೆಗಾರ, ಮಕ್ಕಂದೂರು ಕಡೆಯವರು

ಅಕ್ಕ, ನಾನು ಸಿದ್ಧಾಂತ ಓದಿದವನಲ್ಲ, ಆದರೆ ಈ ವಿಧಾನದಲ್ಲಿ ತರಬೇತಾದ ಚಿಕಿತ್ಸಕಿಯೊಬ್ಬರು ಬೆಂಗಳೂರಿನಲ್ಲಿ ನಡೆಸುವ ಗುಂಪಿನಲ್ಲಿ ಭಾಗವಹಿಸಿದ್ದೇನೆ. ಎದುರಿನ ಖಾಲಿ ಕುರ್ಚಿಯಲ್ಲಿ ಒಬ್ಬರಿದ್ದಾರೆಂದು ಭಾವಿಸಿ ಅವರೊಂದಿಗೆ ಮಾತನಾಡುವ ಅಭ್ಯಾಸ ಇದರಲ್ಲಿದೆ. ಆ ಕುರ್ಚಿಯ ಮುಂದೆ ಕುಳಿತವನಿಗೆ ಏನಾಗುತ್ತದೆ ಎಂದು ಹೇಳಬಲ್ಲೆ.

2018ರ ಆಗಸ್ಟ್‌ನಲ್ಲಿ ನಮ್ಮ ಭಾಗದಲ್ಲಿ ಗುಡ್ಡಗಳು ಕುಸಿದಾಗ ನಮ್ಮ ತೋಟದ ಒಂದು ಇಳಿಜಾರು ಪೂರ್ತಿ ಹೋಯಿತು. ಮನೆಯವರೆಲ್ಲ ಕ್ಷೇಮವಾಗಿದ್ದರು, ಹಾಗಾಗಿ "ಜೀವ ಉಳಿಯಿತಲ್ಲ, ಅದೇ ದೊಡ್ಡದು" ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಆ ಇಳಿಜಾರಿನ ಗಿಡಗಳನ್ನು ನೆಟ್ಟವರು ನನ್ನ ತಂದೆ, ಅವರು ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಕುಸಿತದ ನಂತರ ನಾನು ಆ ಬದಿಗೆ ಹೋಗುವುದನ್ನೇ ಬಿಟ್ಟಿದ್ದೆ. ಕಾಫಿ ಕೊಯ್ಲಿನ ಹೊತ್ತಿನಲ್ಲೂ ಸುತ್ತುಬಳಸಿ ಮೇಲಿನ ದಾರಿಯಲ್ಲೇ ಓಡಾಡುತ್ತಿದ್ದೆ.

ಗುಂಪಿನಲ್ಲಿ ಇದನ್ನು ಹೇಳುವಾಗ ನನ್ನ ಸ್ವರ ಶಾಂತವಾಗಿಯೇ ಇತ್ತು. ಚಿಕಿತ್ಸಕಿ ನನ್ನ ಮಾತಿಗೆ ಉತ್ತರ ಕೊಡಲಿಲ್ಲ. "ನಿಮ್ಮ ಬಲಗೈ ಎಡ ಮಣಿಕಟ್ಟನ್ನು ಹಿಡಿದಿದೆ. ಅದನ್ನು ಬಿಡಬೇಡಿ, ಇನ್ನೂ ಸ್ವಲ್ಪ ಬಿಗಿಯಾಗಿ ಹಿಡಿಯಿರಿ" ಎಂದರು. ಹಿಡಿದೆ. "ಆ ಕೈಗೆ ಬಾಯಿ ಬಂದರೆ ಏನು ಹೇಳುತ್ತದೆ?" ಎಂದು ಕೇಳಿದರು. ನನಗರಿವಿಲ್ಲದೆ "ಜಾರಬೇಡ" ಎಂಬ ಮಾತು ಬಂತು. ಆಮೇಲೆ ಅವರು ಖಾಲಿ ಕುರ್ಚಿಯನ್ನು ನನ್ನೆದುರು ಎಷ್ಟು ದೂರದಲ್ಲಿ ಇಡಬೇಕೆಂದು ನನ್ನನ್ನೇ ಕೇಳಿ, ಅಲ್ಲಿ ತಂದೆ ಕುಳಿತಿದ್ದರೆ ಯಾವ ಬಟ್ಟೆಯಲ್ಲಿರುತ್ತಿದ್ದರು, ಎತ್ತ ನೋಡುತ್ತಿದ್ದರು ಎಂದು ವಿಚಾರಿಸಿ, ಮನೆಯಲ್ಲಿ ಆಡುವ ಕೊಡವ ತಕ್ಕಿನಲ್ಲೇ, ಅಂದರೆ ಕೊಡವ ಭಾಷೆಯಲ್ಲೇ, ಮಾತನಾಡಲು ಹೇಳಿದರು. ಅವರಿಗೆ ಅದು ಅರ್ಥವಾಗುತ್ತಿರಲಿಲ್ಲ, ಅರ್ಥವಾಗಬೇಕೆಂದೂ ಅವರು ಬಯಸಲಿಲ್ಲ. ತೋಟ ಉಳಿಸಿಕೊಳ್ಳಲಾಗಲಿಲ್ಲ ಎಂದು ಕ್ಷಮೆ ಕೇಳುತ್ತೇನೆಂದುಕೊಂಡಿದ್ದೆ. ಬಾಯಿಂದ ಬಂದದ್ದು ಸಿಟ್ಟು: ಅಷ್ಟು ಕಡಿದಾದ ಜಾಗದಲ್ಲಿ ಮರ ಕಡಿದು ಗಿಡ ನೆಟ್ಟಿರೇಕೆ ಎಂಬ ಸಿಟ್ಟು. ನಂತರ ಎದ್ದು ಆ ಕುರ್ಚಿಯಲ್ಲಿ ಕುಳಿತು, ತಂದೆಯಾಗಿ ಉತ್ತರಿಸಬೇಕಾಯಿತು. ಅಲ್ಲಿ ಕುಳಿತಾಗ ನನ್ನ ಬೆನ್ನು ತಾನಾಗಿಯೇ ನೇರವಾಯಿತು, ಅವರು ಕೂರುತ್ತಿದ್ದದ್ದೇ ಹಾಗೆ. ಅವರು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಸಂಬಂಧಿಸಿ ಒಂದು ಮಾತು. ತೀರಿಹೋದ ಹಿರಿಯರನ್ನು ಎದುರಿಗೆ ಇದ್ದಾರೆಂದು ಭಾವಿಸಿ ಮಾತನಾಡುವುದು ನಮಗೆ ಹೊಸದಲ್ಲ. ನಮ್ಮ ಒಕ್ಕಗಳಲ್ಲಿ, ಅಂದರೆ ಕೊಡವ ಕುಲಗಳಲ್ಲಿ, ಪೂರ್ವಜರನ್ನು ಪೂಜಿಸುವ ಕಾರಣಂಗ್ ಕೊಡ್ಪ ಮಾಡುವಾಗ ಹಿರಿಯರಿಗೆ ಮೀದಿ ಎಂಬ ನೈವೇದ್ಯ ಇಟ್ಟು ಪ್ರಾರ್ಥಿಸುತ್ತೇವೆ. ಅಲ್ಲಿ ಬೇಡಿಕೆಯಿದೆ, ಕೃತಜ್ಞತೆಯಿದೆ, ಸಿಟ್ಟಿಗೆ ಜಾಗವಿಲ್ಲ. ಸಿಟ್ಟಿಗೆ ಜಾಗ ಸಿಕ್ಕಿದ್ದು ನನಗೆ ಆ ಕುರ್ಚಿಯ ಮುಂದೆ, ಮತ್ತು ಅದರಿಂದ ಗೌರವ ಕಡಿಮೆಯಾಗಲಿಲ್ಲ. ಆ ವರ್ಷದ ಮೀದಿಯನ್ನು ನಾನು ಹಿಂದೆಂದಿಗಿಂತ ಹೆಚ್ಚು ಪ್ರೀತಿಯಿಂದ ಇಟ್ಟೆ. ಈಗ ಕೆಳಗಿನ ದಾರಿಯಲ್ಲಿ ಓಡಾಡುತ್ತೇನೆ. ಕುಸಿದ ಜಾಗದಲ್ಲಿ ಕಾಫಿ ಹಾಕಿಲ್ಲ, ಹಾಕುವುದೂ ಇಲ್ಲ, ಅದನ್ನು ಕಾಡಿಗೇ ಬಿಟ್ಟಿದ್ದೇವೆ.

ಆದರೆ ಇದನ್ನು ಮನೆಯಲ್ಲಿ ಒಬ್ಬರೇ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ದಿನ ನನ್ನ ಸುತ್ತ ಜನರಿದ್ದರು, ಮುಗಿದ ಮೇಲೆ ಚಿಕಿತ್ಸಕಿ ಬಹಳ ಹೊತ್ತು ಜೊತೆಗಿದ್ದರು.

ಉತ್ತರ: ಮನಶ್ಶಾಸ್ತ್ರ ಉಪನ್ಯಾಸಕ, ಮೂಲತಃ ಸೋಮವಾರಪೇಟೆ

ಮೇಲಿನ ಉತ್ತರಗಳನ್ನು ಗೌರವದಿಂದ ಓದಿದ್ದೇನೆ. ಕಲಿಯಲು ಹೊರಟವರು ಈ ವಿಧಾನದ ಮಿತಿಗಳನ್ನೂ ತಿಳಿದಿರಬೇಕು ಎಂಬ ಕಾಳಜಿಯಿಂದ ಕೆಲವು ವಿಷಯ ಸೇರಿಸುತ್ತೇನೆ.

ಮುಗಿಯದ ಕೆಲಸ ಮನಸ್ಸಿನಲ್ಲಿ ಉಳಿಯುತ್ತದೆ ಎಂಬ ವಿಚಾರಕ್ಕೆ ಬರ್ಲಿನ್ನಿನಲ್ಲಿ ಕರ್ಟ್ ಲೆವಿನ್ ಅವರ ವಿದ್ಯಾರ್ಥಿನಿಯಾಗಿದ್ದ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಆಧಾರವಾಗಿ ಹೇಳುವುದು ವಾಡಿಕೆ. ಅರ್ಧಕ್ಕೆ ತಡೆದ ಕೆಲಸಗಳನ್ನು ಜನರು ಮುಗಿಸಿದ ಕೆಲಸಗಳಿಗಿಂತ ಹೆಚ್ಚಾಗಿ ನೆನಪಿಟ್ಟುಕೊಂಡಿದ್ದರು ಎಂಬುದು ಆಕೆಗೆ ಸಿಕ್ಕ ಫಲ. ನಂತರದವರು ಮಾಡಿದ ಪ್ರಯೋಗಗಳಲ್ಲಿ ಅದೇ ಫಲ ಪ್ರತಿಬಾರಿಯೂ ಬಂದಿಲ್ಲ. ಒಂದು ಒಗಟನ್ನು ಅರ್ಧಕ್ಕೆ ಬಿಡುವುದಕ್ಕೂ ತಂದೆಯೊಂದಿಗಿನ ಮಾತು ಅರ್ಧಕ್ಕೆ ನಿಲ್ಲುವುದಕ್ಕೂ ಬಹಳ ಅಂತರವಿದೆ, ಆದ್ದರಿಂದ ಒಂದನ್ನು ಇನ್ನೊಂದಕ್ಕೆ ಪುರಾವೆಯಾಗಿ ಬಳಸುವಾಗ ಎಚ್ಚರ ಬೇಕು. ಇದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಕಡೆ ಇದೆ. ಕೆನಡಾದ ಲೆಸ್ಲಿ ಗ್ರೀನ್‌ಬರ್ಗ್ ಮತ್ತು ಸಂಗಡಿಗರು ಕುರ್ಚಿ ಸಂವಾದಗಳನ್ನು ದಶಕಗಳ ಕಾಲ ಹಂತಹಂತವಾಗಿ ಅಧ್ಯಯನ ಮಾಡಿದರು. ಸಾಂಡ್ರಾ ಪೈವಿಯೊ ಜೊತೆಗೂಡಿ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬದುಕಿನ ಮುಖ್ಯ ವ್ಯಕ್ತಿಗಳೊಂದಿಗೆ ಹಳೆಯ ನೋವು ಉಳಿಸಿಕೊಂಡಿದ್ದ 34 ಜನರಲ್ಲಿ ಖಾಲಿ ಕುರ್ಚಿಯ ಸಂವಾದ ಮಾಡಿದವರು, ಕೇವಲ ಮಾಹಿತಿ ನೀಡುವ ಗುಂಪಿನಲ್ಲಿದ್ದವರಿಗಿಂತ ಹೆಚ್ಚು ಸುಧಾರಿಸಿದರು. ಸಣ್ಣ ಅಧ್ಯಯನವೇ ಆದರೂ ಎಚ್ಚರಿಕೆಯಿಂದ ಮಾಡಿದ್ದು. ಈ ಕುರ್ಚಿಯ ಉಪಾಯವೇ ಪರ್ಲ್ಸ್ ಅವರ ಸ್ವಂತದ್ದಲ್ಲ, ತಮ್ಮ ಬದುಕಿನ ಸನ್ನಿವೇಶಗಳನ್ನು ಅಭಿನಯಿಸಿ ನೋಡುವ, ಜೇಕಬ್ ಮೊರೆನೊ ಅವರ ಮನೋನಾಟಕ ಎಂಬ ಚಿಕಿತ್ಸೆಯಿಂದ ಬಂದದ್ದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನು ನಮ್ಮ ಮನೆಗಳಿಗೆ ಇದು ಒಗ್ಗುತ್ತದೆಯೇ ಎಂಬ ಪ್ರಶ್ನೆ. 1960ರ ದಶಕದಲ್ಲಿ ಪರ್ಲ್ಸ್ ಕ್ಯಾಲಿಫೋರ್ನಿಯಾದ ಎಸಲೆನ್ ಸಂಸ್ಥೆಯಲ್ಲಿ ನೆಲೆಸಿ, ಜನರ ಗುಂಪಿನ ಮುಂದೆ ಒಬ್ಬೊಬ್ಬರನ್ನು ಕರೆದು ಕೂರಿಸಿ ಪ್ರಾತ್ಯಕ್ಷಿಕೆ ಮಾಡಿ ಹೆಸರಾದರು. ಆ ಕಾಲದ ಅವರ ಮಾತುಗಳಲ್ಲಿ ನಾನು ನನ್ನದನ್ನು ಮಾಡುತ್ತೇನೆ, ನೀನು ನಿನ್ನದನ್ನು ಮಾಡು, ಹೊಂದಿಕೆಯಾದರೆ ಸಂತೋಷ, ಇಲ್ಲವಾದರೆ ಬಿಟ್ಟುಬಿಡೋಣ ಎಂಬ ಧಾಟಿ ಬಲವಾಗಿದೆ. ಅವರ ಎದುರಿಸುವ ರೀತಿಯೂ ಹಲವರಿಗೆ ಕಠಿಣವಾಗಿತ್ತು. ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುವುದು ಈ ಎಸಲೆನ್ ಕಾಲದ ಪರ್ಲ್ಸ್. ಇದೇ ಗೆಸ್ಟಾಲ್ಟ್ ಎಂದು ತಿಳಿದು, ಮನೆಯಲ್ಲಿ ಎಲ್ಲರೆದುರು ಸಿಟ್ಟು ಹೊರಹಾಕುವುದೇ ಬೆಳವಣಿಗೆ ಎಂದು ಹೊರಟರೆ ಒಂದೇ ತೋಟ, ಒಂದೇ ಐನ್‌ಮನೆ (ಕುಲದ ಮೂಲಮನೆ), ಒಂದೇ ಮದುವೆ ಮುಂಜಿಗಳನ್ನು ಹಂಚಿಕೊಂಡು ಬಾಳಬೇಕಾದವರಿಗೆ ತೊಂದರೆಯೇ ಹೆಚ್ಚು. ಆದರೆ ನ್ಯೂಯಾರ್ಕಿನಲ್ಲೇ ಉಳಿದು, 1952ರಲ್ಲಿ ಆರಂಭವಾದ ಅಲ್ಲಿನ ಗೆಸ್ಟಾಲ್ಟ್ ಸಂಸ್ಥೆಯನ್ನು ದಶಕಗಳ ಕಾಲ ಮುನ್ನಡೆಸಿದ ಲಾರಾ ಅವರ ಒತ್ತು ಬೇರೆ ಕಡೆಗಿತ್ತು. ಸಂಪರ್ಕಕ್ಕೆ ಮೊದಲು ಆಸರೆ ಬೇಕು ಎಂಬುದು ಅವರ ಬೋಧನೆಯ ಮುಖ್ಯ ಅಂಶ. ನೆಲಕ್ಕೆ ಊರಿದ ಪಾದ, ಬೆನ್ನಿಗೆ ಆಧಾರ, ಸರಾಗವಾದ ಉಸಿರು, ನಂಬಿಕಸ್ಥ ಬಂಧುಗಳು, ಕಲಿತ ಭಾಷೆ, ರೂಢಿಯಾದ ಸಂಪ್ರದಾಯ ಎಲ್ಲವೂ ಆಸರೆಯೇ. ಯಹೂದಿ ಚಿಂತಕ ಮಾರ್ಟಿನ್ ಬೂಬರ್ ಅವರ ಪಾಠಗಳನ್ನು ಆಕೆ ನೇರವಾಗಿ ಕೇಳಿದ್ದರು, ಎದುರಿನವನನ್ನು ವಸ್ತುವಾಗಿಸದೆ "ನೀನು" ಎಂದು ಕಾಣುವ ಬೂಬರ್ ಅವರ ವಿಚಾರ ಈ ಚಿಕಿತ್ಸೆಯ ಇನ್ನೊಂದು ಬೇರು. ನಮ್ಮ ಕಡೆಯವರು ಕಲಿಯುವುದಾದರೆ ಲಾರಾ ಅವರ ದಾರಿಯಿಂದ ಕಲಿಯುವುದು ಒಳಿತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಎಚ್ಚರಿಕೆಯ ಮಾತು: ಅರಿವಿನ ಅಭ್ಯಾಸಗಳನ್ನು ಯಾರೂ ಮಾಡಬಹುದು. ಆದರೆ ದೌರ್ಜನ್ಯದ ನೆನಪು, ಆತ್ಮಹತ್ಯೆಯ ಯೋಚನೆ, ತೀವ್ರ ಖಿನ್ನತೆ, ಇಲ್ಲದ ಧ್ವನಿ ಕೇಳಿಸುವುದು, ವಿಪರೀತ ಕುಡಿತ ಇವುಗಳಲ್ಲಿ ಯಾವುದಿದ್ದರೂ ಪುಸ್ತಕ ಓದಿ ಪ್ರಯೋಗಕ್ಕೆ ಇಳಿಯದೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಚಿಕಿತ್ಸಕರನ್ನು ಆರಿಸುವಾಗ ಅವರ ಮೂಲ ಓದು ಏನು, ಗೆಸ್ಟಾಲ್ಟ್ ತರಬೇತಿ ಎಷ್ಟು ಕಾಲದ್ದು, ಅವರ ಕೆಲಸವನ್ನು ಹಿರಿಯ ಚಿಕಿತ್ಸಕರು ಪರಿಶೀಲಿಸುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ವಾರಾಂತ್ಯದ ಶಿಬಿರವೊಂದರಲ್ಲಿ ಕಲಿತು ಇತರರ ಮೇಲೆ ಪ್ರಯೋಗಿಸುವವರಿಂದ ದೂರವಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಉತ್ತರಗಳನ್ನು ಮತ್ತೆ ಮತ್ತೆ ಓದಿದೆ. ಮಕ್ಕಂದೂರಿನ ಸಹೋದರರು ತಮ್ಮ ಅನುಭವ ಹಂಚಿಕೊಂಡದ್ದಕ್ಕೆ ಏನು ಹೇಳಬೇಕೋ ತಿಳಿಯದು.

"ಹೇಗೆ" ಎಂದು ನೋಡಿ ಎಂಬ ಸಲಹೆಯನ್ನು ಶಾಲೆಯಲ್ಲಿ ಪಾಲಿಸಿದೆ. ಸಿಬ್ಬಂದಿ ಸಭೆಯಲ್ಲಿ ಜನಗಣತಿಯ ಕೆಲಸವನ್ನೂ ಕ್ರೀಡಾಕೂಟದ ಹೊಣೆಯನ್ನೂ ಒಟ್ಟಿಗೆ ನನಗೆ ವಹಿಸುವ ಮಾತು ಬಂದಾಗ ಗಮನಿಸಿದರೆ, ಮುಖ್ಯೋಪಾಧ್ಯಾಯರು ನನ್ನ ಹೆಸರು ಹೇಳುವ ಮೊದಲೇ ನಾನು ಪೆನ್ನಿನ ಮುಚ್ಚಳ ತೆಗೆದು ಬರೆದುಕೊಳ್ಳಲು ಸಿದ್ಧಳಾಗಿದ್ದೆ. ಉಸಿರು ಗಂಟಲಿನವರೆಗೆ ಬಂದು ಅಲ್ಲೇ ನಿಂತಿತ್ತು. ಬಲಗೈ ಹೆಬ್ಬೆರಳು ತೋರುಬೆರಳಿನ ಬದಿಯನ್ನು ಎಷ್ಟು ಒತ್ತುತ್ತಿತ್ತೆಂದರೆ ಉಗುರಿನ ಗುರುತು ಮೂಡಿತ್ತು. ಈ ಎಲ್ಲವನ್ನೂ ನೋಡುತ್ತಿದ್ದಂತೆಯೇ "ಆಗಲಿ ಸರ್" ಎಂದೂ ಹೇಳಿದೆ. ಗಮನಿಸಿದ್ದರಿಂದ ಮಾತು ಬದಲಾಗಲಿಲ್ಲ. ಆದರೆ ಆ ಸಂಜೆಯ ಒಳಜಗಳ ಎಂದಿನಷ್ಟು ಹೊತ್ತು ನಡೆಯಲಿಲ್ಲ, ಇದೇಕೆಂದು ತಿಳಿಯುತ್ತಿಲ್ಲ. ಈಗ ಅಣ್ಣನೊಂದಿಗೆ ತೋಟದ ಲೆಕ್ಕದ ವಿಷಯ ಎತ್ತಬಹುದೇ, ಅಥವಾ ಇನ್ನೂ ಕಾಯಬೇಕೇ?

ಉತ್ತರ: ಆಪ್ತಸಮಾಲೋಚಕಿ, ಮಡಿಕೇರಿ

ಮೇಡಂ, ನೀವು ನೋಡಿದ್ದು ಬಹಳ ಸ್ಪಷ್ಟವಾಗಿದೆ. ಹೆಬ್ಬೆರಳು ಒತ್ತುತ್ತಿದ್ದದ್ದು ತೋರುಬೆರಳನ್ನೇ ಆದರೂ ಆ ಬಲ ಹೊರಟದ್ದು ಬೇರೆಯವರ ಕಡೆಗೆ. ನಾನು ರೆಟ್ರೊಫ್ಲೆಕ್ಷನ್ ಎಂದದ್ದು ಇದನ್ನೇ. ಇಷ್ಟು ದಿನ ಸಂಜೆಯಾದ ಮೇಲೆ ಕಾಣಿಸಿಕೊಳ್ಳುತ್ತಿದ್ದ ಸಿಟ್ಟು ಈ ಸಲ ಸಭೆಯಲ್ಲೇ, ಹುಟ್ಟಿದ ಜಾಗದಲ್ಲೇ ನಿಮ್ಮ ಕಣ್ಣಿಗೆ ಬಿತ್ತು. ಸಂಜೆ ಹಗುರವಾಗಲು ಅದೇ ಕಾರಣವಿರಬಹುದೆಂದು ನನ್ನ ಅಂದಾಜು. "ಆಗಲಿ" ಎಂಬ ಮಾತು ಇನ್ನೂ ಕೆಲವು ಕಾಲ ಬರುತ್ತಲೇ ಇರುತ್ತದೆ, ಬರಲಿ. ಅದನ್ನು ಬಲವಂತವಾಗಿ ತಡೆಯಲು ಹೋದರೆ ನುಂಗಿದ ಹಳೆಯ ನಿಯಮದ ಮೇಲೆ ಇನ್ನೊಂದು ಹೊಸ ನಿಯಮವನ್ನು ನುಂಗಿದಂತಾಗುತ್ತದೆ.

ಅಣ್ಣನ ವಿಷಯ ಈಗಲೇ ಬೇಡ. ಎಲ್ಲಕ್ಕಿಂತ ಭಾರವಾದದ್ದನ್ನು ಮೊದಲು ಎತ್ತಬೇಕಾಗಿಲ್ಲ. ಮೊದಲು ಶಾಲೆಯ ಎರಡು ಕೆಲಸಗಳನ್ನೇ ತೆಗೆದುಕೊಳ್ಳಿ. ಮುಖ್ಯೋಪಾಧ್ಯಾಯರ ಬಳಿಗೆ ಹೋಗಿ, ಪೂರ್ತಿ ನಿರಾಕರಿಸುವ ಬದಲು "ಸರ್, ಈ ಎರಡರಲ್ಲಿ ಒಂದನ್ನು ಚೆನ್ನಾಗಿ ಮಾಡಬಲ್ಲೆ. ಯಾವುದು ಎಂದು ಯೋಚಿಸಿ ನಾಳೆ ಹೇಳುತ್ತೇನೆ" ಎಂದಷ್ಟೇ ಹೇಳಿ ನೋಡಿ. ಹೇಳುವ ಮುನ್ನ ಎರಡೂ ಪಾದ ನೆಲಕ್ಕೆ ಊರಿರಲಿ, ಉಸಿರು ಒಮ್ಮೆ ಪೂರ್ತಿ ಹೊರಹೋಗಲಿ, ಪೆನ್ನು ಚೀಲದಲ್ಲೇ ಇರಲಿ. ಅವರು ಒಪ್ಪುತ್ತಾರೋ ಇಲ್ಲವೋ ಎಂಬುದಕ್ಕಿಂತ, ಆ ಮಾತು ಹೇಳುವಾಗಲೂ ಹೇಳಿದ ಮೇಲೂ ನಿಮ್ಮ ಮೈಯಲ್ಲಿ ಏನಾಯಿತು ಎಂಬುದು ನಮಗೆ ಮುಖ್ಯ. ಅದನ್ನು ಅದೇ ದಿನ ಬರೆದಿಟ್ಟುಕೊಳ್ಳಿ.

ತಂದೆಯವರಿಗೆ ಹೇಳದೆ ಉಳಿದ ಮಾತುಗಳಿದ್ದರೆ, ಅವುಗಳನ್ನು ಕುರ್ಚಿಯ ಮುಂದೆ ಒಬ್ಬರೇ ಹೇಳಲು ಹೋಗಬೇಡಿ. ಅದಕ್ಕೆ ತರಬೇತಾದವರ ಜೊತೆ ಬೇಕು. ತೋಟದ ಲೆಕ್ಕದ ಮಾತು ಅದಾದ ಮೇಲೆ ಬರಲಿ. ಅಣ್ಣನಿಗೆ ಹೇಳಬೇಕಾದದ್ದರಲ್ಲಿ ಎಷ್ಟು ನಿಜವಾಗಿ ಅಣ್ಣನಿಗೆ ಸೇರಿದ್ದು, ಎಷ್ಟು ತಂದೆಯವರಿಗೆ ಸೇರಿದ್ದು ಎಂಬುದು ಆಗ ನಿಮಗೇ ಬೇರೆಬೇರೆಯಾಗಿ ಕಾಣಿಸುತ್ತದೆ.